ಇಣಚಿ ಅಗೆದ ನೆಲ

ಕೊಲಂಬಿಯಾ, ಮೇರಿಲ್ಯಾಂಡ್
22 ಸೆಪ್ಟೆಂಬರ್ 1996

ವೀರಣ್ಣ,

ಮಾರ್ಚಿನಲ್ಲಿ ನೀನು ಫೋನ್ ಕುಕ್ಕಿದ ಮೇಲೆ ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ಕವರಿನ ಮೇಲೆ ನನ್ನ ಕೈಬರಹ ಕಂಡು ಅಂಗಡಿಯ ಕೊಬ್ಬರಿ ಚೀಲದ ಹಿಂದೆ ಬಿಸಾಕಿದ್ದರೆ ಎತ್ತಿಕೊಂಡು ಓದು. ನನ್ನ ಮುಖ ನೋಡಬೇಡ, ನಿನ್ನ ಅಕ್ಕನ ಮುಖ ನೋಡಿ ಓದು.

ಮಂಗಳಳ ಇಷ್ಟಲಿಂಗ ನನ್ನ ಹತ್ತಿರ ಇದೆ. ಅವಳ ಕೈಯಲ್ಲಿ ಇಲ್ಲ.

ಈ ಒಂದು ಸಾಲಿಗೆ ಬರುವುದಕ್ಕೆ ನಾಲ್ಕು ಹಾಳೆ ಹರಿದೆ. ಹೋದ ಭಾನುವಾರ ಸ್ಟಾಂಪು ಹುಡುಕುತ್ತ ಮಗಳು ಶೀಲಾಳ ಮೇಜಿನ ಖಾನೆ ಎಳೆದೆ. ತಳದಲ್ಲಿ ಒಂದು ಕಂದು ಲಕೋಟೆ, ಅದರ ಮೇಲೆ ಶವಸಂಸ್ಕಾರದ ಕಂಪನಿಯ ಮೊಹರು, ನಿನ್ನ ಅಕ್ಕನ ಹೆಸರು. ಒಳಗೆ ತಾಳಿ, ಓಲೆ, ಎರಡು ಬಳೆ. ಅವುಗಳ ಕೆಳಗೆ ಬೆಳ್ಳಿ ಕರಡಿಗೆ, ಶಿವದಾರ ಸುತ್ತಿದ್ದು ಸುತ್ತಿದ ಹಾಗೇ. ದಾರಕ್ಕೆ ಇನ್ನೂ ಅವಳ ತಲೆಗೆಣ್ಣೆ ವಾಸನೆ ಇದೆ ಕಣಪ್ಪ. ಕರಡಿಗೆ ತೆರೆದೆ. ಲಿಂಗ ಒಳಗೇ ಇತ್ತು.

ಮಾರ್ಚಿನಲ್ಲಿ ಮಣ್ಣು ಮಾಡಿದ ದಿನ ಸೆಂಟರ್‌ವಿಲ್‌ನಿಂದ ಡಾಕ್ಟರ್ ರಾಮಲಿಂಗಪ್ಪ ಬಂದಿದ್ದರು. ಅರವತ್ತೆಂಟನೇ ಇಸವಿಯಲ್ಲಿ ಈ ದೇಶಕ್ಕೆ ಬಂದವರು, ಈ ಸುತ್ತಿನಲ್ಲಿ ನಮ್ಮ ಜನ ಯಾರು ತೀರಿಕೊಂಡರೂ ಅಯ್ಯನವರ ಕೆಲಸ ಅವರದೇ. ಇಲ್ಲಿ ಕೂರಿಸಿ ಸಮಾಧಿ ಮಾಡುವುದಕ್ಕೆ ಬಿಡುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಬೇಕು. ಅದೊಂದು ಬಿಟ್ಟರೆ ಉಳಿದದ್ದೆಲ್ಲ ಮಾಡಿದರು. ವಿಭೂತಿ ಹಚ್ಚಿ, ಅವಳ ಎಡಗೈ ಬಿಡಿಸಿ, ಕರಡಿಗೆ ಇಟ್ಟು, ಒಂದೊಂದೇ ಬೆರಳು ಮಡಚಿದರು. ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಕಂಪನಿಯವರು ಮುಚ್ಚಳ ಮುಚ್ಚಬೇಕು, ದಯವಿಟ್ಟು ಆಚೆ ಕೂತಿರಿ ಅಂದರು. ಕೂತೆವು.

ತಪ್ಪು ಅವರದಲ್ಲ. ಬೆಳಿಗ್ಗೆ ಒಂದು ಫಾರಮ್ಮು ಕೊಟ್ಟಿದ್ದರು. ಅಳಿಯ ಪ್ರಶಾಂತ, ಕೊಡಿ ಮಾವ ನಾನು ಓದಿ ಹೇಳ್ತೀನಿ ಅಂದ. ನಾನು ತುಮಕೂರಲ್ಲಿ ಇಂಟರ್‌ಮೀಡಿಯಟ್ ಓದಿದವನು, ಮೂವತ್ತಾರು ವರ್ಷ ರೈಲ್ವೆ ಗೂಡ್ಸ್ ಕ್ಲರ್ಕಾಗಿ ಇಂಗ್ಲಿಷ್ ಫಾರಮ್ಮುಗಳನ್ನೇ ತುಂಬಿದವನು ಅಂತ ಕಿತ್ತುಕೊಂಡೆ. ಮೈಮೇಲಿನ ಒಡವೆ ಮನೆಯವರಿಗೆ ಹಿಂತಿರುಗಿಸಬೇಕೇ ಎಂದು ಕೇಳಿತ್ತು. ನಮ್ಮಲ್ಲಿ ಮಣ್ಣಿಗಿಡುವ ಮುಂಚೆ ಬಂಗಾರ ತೆಗೆಯುತ್ತೇವಲ್ಲ, ನನಗೆ ಅದೇ ತಲೆಯಲ್ಲಿ. ಗುರುತು ಹಾಕಿ, ಪಕ್ಕದಲ್ಲಿ ‘ಆಲ್, ವಿತೌಟ್ ಫೇಲ್’ ಅಂತ ಬೇರೆ ಬರೆದೆ. ಅವರಿಗೆ ಬೆಳ್ಳಿ ಕರಡಿಗೆ ಒಡವೆಯಲ್ಲದೆ ಇನ್ನೇನು? ಬೆರಳು ಬಿಡಿಸಿ ತೆಗೆದಿದ್ದಾರೆ. ಹೇಳಿದ ಕೆಲಸ ಮಾಡಿದ್ದಾರೆ.

ಶೀಲಾಳನ್ನು ಇನ್ನೂ ಕೇಳಿಲ್ಲ. ಲಕೋಟೆ ಅವಳ ಖಾನೆಯಲ್ಲಿ ಆರು ತಿಂಗಳಿಂದ ಇದೆ.

ದಿನಾ ನಡೆದು ಸ್ಮಶಾನಕ್ಕೆ ಹೋಗುತ್ತೇನೆ, ಒಂದೂವರೆ ಮೈಲಿ. ಸ್ಮಶಾನ ಅಂದರೆ ನಮ್ಮ ಹಾಗಲ್ಲ, ಪಾರ್ಕಿನ ಹಾಗೆ ಹುಲ್ಲು. ಅವಳ ತಲೆಯ ಕಡೆ ಒಂದು ದೊಡ್ಡ ಓಕ್ ಮರ. ಅದರಲ್ಲಿ ಇಣಚಿಗಳು, ಅಳಿಲು ಅಂತಾರಲ್ಲ ಅವು. ನಮ್ಮ ಇಣಚಿಯಲ್ಲ, ಬೆನ್ನಿಗೆ ಗೆರೆ ಇಲ್ಲ, ಬೂದಿ ಬಣ್ಣ, ಬೆಕ್ಕಿನ ಮರಿಯಷ್ಟು ಗಾತ್ರ. ಈಗ ಓಕಿನ ಕಾಯಿ ಉದುರುವ ಕಾಲ. ಚಳಿಗಾಲಕ್ಕೆ ಅಂತ ಬೆಳಗಿನಿಂದ ಸಂಜೆಯವರೆಗೆ ಹೂಳುವುದೇ ಹೂಳುವುದು. ಒಂದು ಕಾಯಿ ಹಿಡಿದು ಮೂಸುತ್ತದೆ, ತಲೆ ಒದರುತ್ತದೆ, ನಾಲಗೆಯಿಂದ ಸವರುತ್ತದೆ, ಓಡಿ ಬಂದು ನಾಲ್ಕು ಬೆರಳು ಆಳ ತೋಡುತ್ತದೆ, ಮೂತಿಯಿಂದ ಒತ್ತಿ, ಮುಂಗೈಯಿಂದ ಮಣ್ಣು ತಟ್ಟಿ, ಮೇಲೆ ಒಂದು ಒಣಗಿದೆಲೆ ಎಳೆದು ಹೋಗುತ್ತದೆ. ಅಷ್ಟು ಅಚ್ಚುಕಟ್ಟು. ನಿನ್ನ ಅಕ್ಕನ ಎದೆಯ ಮೇಲೇ ಹತ್ತು ಹದಿನೈದು ಹೂತಿವೆ. ಅವನ್ನು ಕೇಳುವವರಿಲ್ಲ.

ಮಠದ ಅಯ್ಯನವರನ್ನು ಕೇಳು. ನಾನೇನು ಮಾಡಬೇಕು ಕೇಳು. ಬೈಯುವುದಿದ್ದರೆ ಕೊನೆಯಲ್ಲಿ ಬೈಯಿ, ಮೊದಲು ಇದಕ್ಕೆ ಉತ್ತರ ಬರೆ.

ನಿನ್ನ ಭಾವ,
ಬಸವಂತಪ್ಪ


ತಿಪಟೂರು
9 ಅಕ್ಟೋಬರ್ 1996

ಭಾವನವರಿಗೆ,

ನಿಮ್ಮ ಕಾಗದ ಬಂತು. ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಅಕ್ಕನ ದೇಹ ಊರಿಗೆ ತನ್ನಿ ಅಂತ ನಾನು ಮಾರ್ಚಿನಲ್ಲಿ ಬಡಕೊಂಡೆ. ವಿಮಾನ, ಪೆಟ್ಟಿಗೆ, ಐದು ದಿನ, ಮಂಜುಗಡ್ಡೆ ಅಂತ ನೀವು ಏನೇನೋ ಹೇಳಿದಿರಿ. ಇಲ್ಲೇ ನೆಮ್ಮದಿಯಾಗಿ ಮಲಗಲಿ ಅಂದಿರಿ. ಎಷ್ಟು ನೆಮ್ಮದಿಯಾಗಿ ಮಲಗಿದ್ದಾಳೆ ಈಗ ಗೊತ್ತಾಯಿತು. ಬರಿಗೈಯಲ್ಲಿ ಕಳಿಸಿದಿರಿ ನಮ್ಮಕ್ಕನ್ನ.

ಅಯ್ಯನವರನ್ನು ಕೇಳಿದೆ. ಅವರಿಗೆ ಎಂಬತ್ತೊಂದು, ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ನನಗೆ ಆದ ಅವಮಾನ ನಿಮಗೆ ಬೇಡ. ಅವರು ಹೇಳಿದ್ದು: ಅದು ಆಕೆಯದು, ಆಕೆಯ ಮಣ್ಣಿಗೆ ಸೇರಬೇಕು, ಕೈಗೆ ಮುಟ್ಟಿಸಲು ಆಗದಿದ್ದರೆ ಕೈ ಇರುವ ಮಣ್ಣಿಗಾದರೂ ಮುಟ್ಟಿಸಿ, ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ.

ಅಲ್ಲಿಗೆ ಹೊರಟಿದ್ದ ಬದರಿನಾಥನ ಕೈಲಿ ಶೀಲಾಗೆ ಕೊಬ್ಬರಿ ಕಳಿಸಿದ್ದೆ, ತಲುಪಿಸಿದನೋ ಇಲ್ಲವೋ ತಿಳಿಸಲಿ. ಕಳಿಸಿದ್ದು ಅವಳಿಗೆ, ನಿಮಗಲ್ಲ.

ಫೋನ್ ಮಾಡಬೇಡಿ.

ವೀರಣ್ಣ


ಕೊಲಂಬಿಯಾ
27 ಅಕ್ಟೋಬರ್ 1996

ವೀರಣ್ಣನಿಗೆ,

ಕೊಬ್ಬರಿ ತಲುಪಿದೆ. ಐದು ಗಿಟಕು, ಒಂದೂ ಒಡೆದಿಲ್ಲ, ಚೆನ್ನಾಗಿದೆ.

ನೀನು ಬರೆದದ್ದು ಓದಿದೆ. ಬರಿಗೈ ಅಂದೆಯಲ್ಲ, ಅದೊಂದು ಮಾತನ್ನು ನೀನು ಬರೆಯುವ ಮುಂಚೆಯೇ ನಾನು ನೂರು ಸಲ ಅಂದುಕೊಂಡಿದ್ದೇನೆ. ಇರಲಿ.

ಈಗ ಹೇಳಬೇಕಾದ್ದು ಬಹಳ ಇದೆ, ಯಾವುದು ಮೊದಲು ಗೊತ್ತಾಗುತ್ತಿಲ್ಲ. ಪ್ರಶಾಂತನಿಗೆ ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಆಗಿದೆ. ಡಿಸೆಂಬರ್ ಇಪ್ಪತ್ತಕ್ಕೆ ಮನೆ ಖಾಲಿ ಮಾಡಬೇಕು. ಕಾರಲ್ಲಿ ಐದು ಗಂಟೆಯ ದಾರಿ. ಆಮೇಲೆ ದಿನಾ ಬರುವ ಮಾತಿಲ್ಲ, ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅಂದರೆ ನನಗಿರುವುದು ಏಳು ವಾರ, ವೀರಣ್ಣ. ಅದರಲ್ಲೂ ಡಿಸೆಂಬರಿನಲ್ಲಿ ನೆಲ ಹೆಪ್ಪುಗಟ್ಟಿದರೆ ಹಾರೆಯೂ ಇಳಿಯುವುದಿಲ್ಲವಂತೆ.

ಹೀಗಾಗಿ ಸ್ಮಶಾನದ ಆಫೀಸಿಗೆ ಒಬ್ಬನೇ ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ. ‘ಮೇಡಂ, ವಿತ್ ಡ್ಯೂ ರಿಗಾರ್ಡ್ಸ್ ಐ ಬೆಗ್ ಟು ಸ್ಟೇಟ್’ ಅಂತ ಶುರು ಮಾಡಿದೆ, ಅಷ್ಟರವರೆಗೆ ಚೆನ್ನಾಗಿ ಬಂತು. ಕಾಲೇಜಿನಲ್ಲಿ ಪತ್ರಲೇಖನದಲ್ಲಿ ನನಗೆ ಒಳ್ಳೇ ಮಾರ್ಕು ಬರುತ್ತಿತ್ತು, ಆದರೆ ಆ ಪಾಠದಲ್ಲಿ ರಜಾ ಕೇಳುವುದು, ಸೈಕಲ್ ಕಳೆದುಹೋದದ್ದು, ಇವೇ ಇದ್ದವು, ಇದು ಇರಲಿಲ್ಲ. ಆ ಹೆಂಗಸು ಒಳ್ಳೆಯವಳು. ಕಾಫಿ ಕೊಟ್ಟಳು. ನಾನು ಪೆಟ್ಟಿಗೆ ಮೇಲೆತ್ತಬೇಕು ಅನ್ನುತ್ತಿದ್ದೇನೆ ಅಂತ ತಿಳಿದಳು. ಅದಕ್ಕೆ ಜಿಲ್ಲೆಯ ಕಚೇರಿಯ ಅಪ್ಪಣೆ ಬೇಕು, ಮಗಳೂ ನಾನೂ ಇಬ್ಬರೂ ರುಜು ಹಾಕಬೇಕು. ಬೇಡ ಮೇಡಂ, ಸುಮ್ಮನೆ ಒಂದು ಮೊಳ ಗುಣಿ, ಅಷ್ಟೇ, ಅಂದೆ. ಒಂದು ಅಂಗುಲವೂ ಆಗುವುದಿಲ್ಲ, ಬಂದವರೆಲ್ಲ ನೆಲ ಅಗೆಯಲು ಹತ್ತಿದರೆ ಹೇಗೆ, ಹೂವು ಬೇಕಾದರೆ ಕುಂಡದಲ್ಲಿ ಇಡಿ ಅಂದಳು. ಕಿಟಕಿಯಾಚೆ ಒಂದು ಇಣಚಿ ಅಗೆಯುತ್ತಿತ್ತು. ಬೆರಳು ಮಾಡಿ ತೋರಿಸಿದೆ. ಅವಳು ನಕ್ಕಳು. ತಮಾಷೆ ಮಾಡಿದೆ ಅಂದುಕೊಂಡಳು.

ಪೆಟ್ಟಿಗೆ ಎತ್ತುವುದೊಂದೇ ದಾರಿ ಅಂತ ಆ ಅಪ್ಪಣೆಯ ಫಾರಮ್ಮು ಮನೆಗೆ ತಂದೆ. ಶೀಲಾ ಅಡಿಗೆಮನೆಯಲ್ಲಿ ನಿಂತಿದ್ದಳು, ಕರಡಿಗೆಯನ್ನೂ ಫಾರಮ್ಮನ್ನೂ ಎದುರಿಗಿಟ್ಟೆ. ನಿನಗೆ ಗೊತ್ತಿತ್ತಾ ಅಂತ ಕೇಳಲಿಲ್ಲ. ಅವಳೇ ಹೇಳಿದಳು.

“ಗೊತ್ತಿತ್ತು ಅಪ್ಪಾ. ಮಾರನೇ ದಿನಾನೇ ಗೊತ್ತಾಯ್ತು.”

ಲಕೋಟೆ ತರಲು ಹೋದವಳು ಪಾರ್ಕಿಂಗಿನಲ್ಲಿ ಕಾರಿನೊಳಗೇ ಒಡೆದು ನೋಡಿದಳಂತೆ, ಅಲ್ಲೇ ಎರಡು ಗಂಟೆ ಕೂತಿದ್ದಳಂತೆ. ಮನೆಗೆ ಬಂದರೆ ನಾನು, ಎಲ್ಲಾ ಕ್ರಮವಾಗಿ ನಡೀತು ಅಂತ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದೆನಂತೆ. ಆಮೇಲೆ ಹೇಳಲು ಅವಳಿಗೆ ಬಾಯಿ ಬರಲಿಲ್ಲವಂತೆ. ರುಜು ಹಾಕು ಅಂದೆ. ಹಾಕುವುದಿಲ್ಲ, ಅಮ್ಮನ್ನ ಇನ್ನೊಂದು ಸಲ ಮೇಲೆತ್ತಿ ನೋಡಕ್ಕೆ ನನ್ನ ಕೈಲಿ ಆಗಲ್ಲ ಅಂದಳು. ಆರು ತಿಂಗಳು ನನ್ನ ಕಣ್ಣು ಕಟ್ಟಿದೆಯಲ್ಲೇ ಅಂದುಬಿಟ್ಟೆ. ಅನ್ನಬಾರದಿತ್ತು. ಆವತ್ತಿಂದ ನನ್ನ ತಟ್ಟೆ ಮೇಜಿನ ಮೇಲಿಟ್ಟು ಮಹಡಿಗೆ ಹೋಗುತ್ತಾಳೆ.

ಡಾಕ್ಟರ್ ರಾಮಲಿಂಗಪ್ಪನವರಿಗೆ ಫೋನ್ ಮಾಡಿದೆ. “ಬಸವಂತಪ್ಪನೋರೇ, ಈ ದೇಶದಲ್ಲಿ ಗಿಡ ನೆಡಕ್ಕೂ ಪರ್ಮಿಟ್ ಬೇಕು, ನೀವು ಗೋರಿ ಅಗೀತೀನಿ ಅಂತೀರಲ್ಲ” ಅಂದರು. ಆಮೇಲೆ, ಬೆರಳು ಮಡಚಿದ್ದು ನಾನೇ ಅಲ್ಲವಾ, ಮುಚ್ಚಳ ಮುಚ್ಚೋವರೆಗೆ ನಿಲ್ಲಬೇಕಿತ್ತು ಅಂದರು.

ಈಗ ಇಣಚಿಗಳನ್ನು ಬಿಟ್ಟರೆ ನನಗೆ ಬೇರೆ ಗುರು ಕಾಣುವುದಿಲ್ಲ. ಬೆಂಚಿನ ಮೇಲೆ ಕೂತು ಅವುಗಳ ಕೆಲಸ ಕಲಿಯುತ್ತಿದ್ದೇನೆ. ಇಲ್ಲಿ ಎರಡು ಜಾತಿ ಓಕ್ ಇವೆ, ಒಂದರ ಕಾಯಿ ಸಿಕ್ಕಿದರೆ ಅಲ್ಲೇ ತಿನ್ನುತ್ತವೆ, ಇನ್ನೊಂದರದ್ದಾದರೆ ಹೂಳುತ್ತವೆ. ಬೇಗ ಮೊಳೆಯುವುದನ್ನು ತಿಂದು, ಇಟ್ಟರೆ ಕೆಡದ್ದನ್ನು ಉಳಿಸುತ್ತವೆ ಅಂತ ಎಲೆ ಗುಡಿಸುವ ಮುದುಕ ಹೇಳಿದ, ಹ್ಯಾರಿಸ್ ಅಂತ ಅವನ ಹೆಸರು. ಬಾಲ ಅರ್ಧ ತುಂಡಾದ್ದು ಒಂದಿದೆ. ಬೇರೆ ಇಣಚಿ ನೋಡುತ್ತಿದ್ದರೆ ಸುಮ್ಮನೆ ತೋಡಿ, ಏನೂ ಇಡದೆ, ಇಟ್ಟ ಹಾಗೆ ತಟ್ಟಿ ಮುಚ್ಚಿ, ಕಾಯಿಯನ್ನು ಬಾಯಲ್ಲೇ ಇಟ್ಟುಕೊಂಡು ಇನ್ನೊಂದು ಕಡೆ ಹೋಗುತ್ತದೆ. ಅಂಥ ಕಿಲಾಡಿ.

ಹ್ಯಾರಿಸ್ ಭಾನುವಾರ, ಸೋಮವಾರ ಬರುವುದಿಲ್ಲ. ಆಫೀಸು ಒಂಬತ್ತಕ್ಕೆ ತೆರೆಯುತ್ತದೆ. ಗೇಟು ಏಳಕ್ಕೆ ತೆರೆಯುತ್ತದೆ. ಇಷ್ಟು ಬರೆದು ನಿಲ್ಲಿಸುತ್ತೇನೆ.

ಬಸವಂತಪ್ಪ


ಕೊಲಂಬಿಯಾ
11 ನವೆಂಬರ್ 1996, ಸೋಮವಾರ

ವೀರಣ್ಣ,

ಮುಟ್ಟಿಸಿದೆ.

ಈ ದಿನ ಬೆಳಿಗ್ಗೆ ಏಳೂಕಾಲಿಗೆ. ಅಡಿಗೆಮನೆಯ ಸಟ್ಟುಗ ಕೋಟಿನ ತೋಳಿನೊಳಗೆ ಇಟ್ಟುಕೊಂಡು ಹೋದೆ. ಜೇಡಿಮಣ್ಣು, ಬೇರು, ಸಟ್ಟುಗ ಬಾಗಿತು, ಆದರೂ ಗೇಣು ಆಳ ಆಯಿತು. ಅದರಾಚೆ ಹೋಗಲಿಲ್ಲ, ಉಸಿರು ಕಟ್ಟಿತು. ಅವಳ ಬಿಳಿ ಕೈಚೌಕದಲ್ಲಿ ಕರಡಿಗೆ ಸುತ್ತಿ, ವಿಭೂತಿ ಇಟ್ಟು, ಬರಿಗೈಯಲ್ಲಿ ಕಳಿಸಿದ ಪಾಪಕ್ಕೆ ಎಡೆ ಅಂತ ನೀನು ಕಳಿಸಿದ ಕೊಬ್ಬರಿಯಲ್ಲಿ ಅರ್ಧ ಗಿಟಕು ಬೆಲ್ಲದ ಚೂರಿನ ಜೊತೆ ಅದೇ ಗಂಟಿನಲ್ಲಿ ಇಟ್ಟೆ. ತವರಿನ ಕೊಬ್ಬರಿ ಅಲ್ಲವಾ. ಮಣ್ಣು ಮುಚ್ಚಿ, ತಟ್ಟಿ, ಮೇಲೆ ಎಲೆ ಎಳೆದೆ. ಇಣಚಿ ಮಾಡುವ ಹಾಗೇ ಮಾಡಿದೆ. ಯಾರಿಗೂ ಗೊತ್ತಾಗುವುದಿಲ್ಲ.

ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದು ಇಳಿಯಿತು. ಮನೆಗೆ ಬಂದು ಶೀಲಾಳ ಎದುರಿಗೆ ಎರಡು ದೋಸೆ ತಿಂದೆ. ಏನಪ್ಪಾ ಈವತ್ತು ಅಂದಳು, ಅಷ್ಟು ದಿನದ ಮೇಲೆ ಆಡಿದ ಮಾತು. ಸಂಜೆ ಹೇಳಬೇಕು.

ಅಯ್ಯನವರಿಗೆ ತಿಳಿಸು.

ನಿನ್ನ ಭಾವ


ಕೊಲಂಬಿಯಾ
13 ನವೆಂಬರ್ 1996

ವೀರಣ್ಣ,

ಮೊನ್ನೆಯ ಕಾಗದ ಇದಕ್ಕಿಂತ ಮುಂಚೆ ತಲುಪಿದ್ದರೆ ಅಯ್ಯನವರಿಗೆ ಹೇಳಬೇಡ. ಹೇಳಿದ್ದರೆ ಸುಳ್ಳಾಯಿತು ಅನ್ನು.

ನಿನ್ನೆ ಹೋಗಿ ನೋಡಿದರೆ ಗುಣಿ ಬಾಯಿ ತೆರೆದಿತ್ತು. ಒಳಗೆ ಏನೂ ಇಲ್ಲ. ಕೈಚೌಕ ಮೂರು ಚೂರಾಗಿ ಆಚೆ ಹುಲ್ಲಿನಲ್ಲಿ ಬಿದ್ದಿದೆ. ಶಿವದಾರ ಒಂದು ಮೊಳ ಸಿಕ್ಕಿತು, ಕಡಿದದ್ದು. ಕೊಬ್ಬರಿಯ ಸಿಪ್ಪೆ ಅವಳ ಕಲ್ಲಿನ ಮೇಲೆ, ತಟ್ಟೆಯ ಮೇಲೆ ಉಳಿಸಿದ ಹಾಗೆ. ಕರಡಿಗೆ ಇಲ್ಲ. ಇಣಚಿ ದಾರ ಕಚ್ಚಿಕೊಂಡು ಎಳೆದುಕೊಂಡು ಹೋಗಿದೆ.

ಹ್ಯಾರಿಸ್ ನೋಡಿ, ಏನು ಹೂತಿದ್ದೆ ಅಂತ ಕೇಳಲಿಲ್ಲ. ಹೊಸದಾಗಿ ಕೆದಕಿದ ಮಣ್ಣಿಗೆ ಅವು ಮೊದಲು ಬರುತ್ತವೆ, ಒಂದು ಹೂತಿದ್ದನ್ನು ಇನ್ನೊಂದು ಕದಿಯುವುದೇ ಅವುಗಳ ದಂಧೆ, ತಿನ್ನುವುದಿಟ್ಟರೆ ಕೇಳಬೇಕಾ ಅಂದ. ನಾನು ಎರಡು ತಿಂಗಳು ಬೆಂಚಿನ ಮೇಲೆ ಕೂತು ನೋಡಿದೆನಲ್ಲ, ಹೂಳುವುದನ್ನು ಮಾತ್ರ ನೋಡಿದೆ. ಅರ್ಧ ಬಾಲದ್ದು ಯಾಕೆ ಅಷ್ಟು ಮೋಸ ಮಾಡಿ ಮುಚ್ಚುತ್ತಿತ್ತು ಅಂತ ಒಂದು ಸಲವಾದರೂ ಯೋಚಿಸಬೇಡವಾ.

ಎರಡು ದಿನ ಮೊಣಕಾಲಲ್ಲಿ ಹುಡುಕಿದೆ. ನಾಳೆಯೂ ಹೋಗುತ್ತೇನೆ. ಕೈಯಲ್ಲಿ ಇದ್ದದ್ದನ್ನೂ ಕಳೆದೆ.

ಬ.


ತಿಪಟೂರು
27 ನವೆಂಬರ್ 1996

ಭಾವನವರಿಗೆ,

ಎರಡೂ ಕಾಗದ ಒಂದೇ ದಿನ ಬಂದವು. ಮೊದಲು ಒಡೆದದ್ದು ಹದಿಮೂರನೇ ತಾರೀಕಿನದ್ದು. ಆಮೇಲೆ ಮುಟ್ಟಿಸಿದೆ ಅಂತ ಬರೆದದ್ದು ಓದಿದೆ. ಎರಡು ದೋಸೆ ತಿಂದೆ ಅನ್ನುವಲ್ಲಿ ನನ್ನ ಕೈಲಿ ಮುಂದೆ ಓದಲಾಗಲಿಲ್ಲ.

ಕೊಬ್ಬರಿ ಆರಿಸಿದ್ದು ನಾನು. ಬದರಿನಾಥ ಮೂರು ಸಾಕು ಅಂದ, ಭಾರ ಆಗುತ್ತೆ ಅಂದ. ಎಣ್ಣೆ ಜಾಸ್ತಿ ಇರುವುದನ್ನೇ ನೋಡಿ ಐದು ತುರುಕಿದೆ. ಅಲ್ಲ ಭಾವ, ಗೂಡ್ಸ್ ಶೆಡ್ಡಿನಲ್ಲಿ ಮೂವತ್ತಾರು ವರ್ಷ ಕೊಬ್ಬರಿ ಮೂಟೆಗೆ ಇಲಿ ಬೀಳುವುದನ್ನು ನೋಡಿದವರು ನೀವು. ನಿಮಗೆ ಹೊಳೆಯಬೇಡವಾ? ಬೈಯುವುದಿಲ್ಲ ಅಂತ ಕೂತೆ, ಆದರೂ ಬಂತು.

ಅಯ್ಯನವರಿಗೆ ಹೇಳಿದೆ. ಆ ಪ್ರಾಣಿ ಎಡೆ ತಿಂತಾ ಅಂದರು. ತಿಂದಿದೆ, ಸಿಪ್ಪೆ ಮಾತ್ರ ಬಿಟ್ಟಿದೆ ಅಂದೆ. ಹಾಗಾದರೆ ಎಡೆ ವ್ಯರ್ಥ ಆಗಲಿಲ್ಲ ಬಿಡು ಅಂದರು. ಲಿಂಗ, ಅಯ್ಯನವರೇ, ಲಿಂಗ ಅಂತ ಕಿವಿಯ ಹತ್ತಿರ ಕೂಗಿದೆ. ಅವರು ವಿಭೂತಿ ಗಟ್ಟಿ ನನ್ನ ಕಡೆ ತಳ್ಳಿದರು. ನನಗೆ ಸಿಟ್ಟು ಬಂದು ಎದ್ದು ಬಂದೆ.

ನಿಮಗೆ ಒಂದು ವಿಷಯ ಹೇಳಿಲ್ಲ. ಮಾರ್ಚಿನಲ್ಲಿ ಶೀಲಾ ಫೋನ್ ಮಾಡಿದ ದಿನವೇ ತೋಟದಲ್ಲಿ ಅವ್ವನ ಸಮಾಧಿಯ ಪಕ್ಕ ಆಳು ಬಿಟ್ಟು ಗುಣಿ ತೋಡಿಸಿದೆ. ಕೂರಿಸುವ ಅಳತೆಗೆ, ಮೆಟ್ಟಿಲು ಬಿಟ್ಟು, ಗೂಡು ಕೊರೆಸಿ. ತರುತ್ತೀರಿ ಅಂತ. ನೀವು ಅಲ್ಲೇ ಮಣ್ಣು ಮಾಡಿದೆವು ಅಂದ ಮೇಲೂ ಮುಚ್ಚಲು ಮನಸ್ಸು ಬರಲಿಲ್ಲ. ಹನ್ನೊಂದು ದಿನ ಹಾಗೇ ಇತ್ತು. ಬರಿ ಗುಣಿ ಮುಚ್ಚಬಾರದು ಅಂತ ಆಳುಗಳು ಒಪ್ಪಲಿಲ್ಲ, ಕೊನೆಗೆ ನಾನೇ ಸಲಿಕೆ ಹಿಡಿದೆ. ಅದಕ್ಕೇ ಫೋನ್ ಬೇಡ ಅಂದದ್ದು. ನಿಮ್ಮ ದನಿ ಕೇಳಿದರೆ ಅದೇ ಕಣ್ಣಿಗೆ ಕಟ್ಟುತ್ತದೆ.

ಹುಡುಕುವುದು ಬಿಡಬೇಡಿ. ಅವು ತಿನ್ನಲಾಗದ್ದನ್ನು ಎಲ್ಲೋ ಬಿಸಾಡಿರಬೇಕು. ಆದರೆ ಮೈ ಹುಷಾರು.

ವೀರಣ್ಣ


ಕೊಲಂಬಿಯಾ
17 ಡಿಸೆಂಬರ್ 1996

ವೀರಣ್ಣ,

ನಿನ್ನ ಕಾಗದ ಕೋಟಿನ ಜೇಬಿನಲ್ಲಿದೆ. ಗುಣಿಯ ವಿಷಯ ಬರೆದ ಸಾಲನ್ನು ದಿನಾ ತೆಗೆದು ಓದುತ್ತೇನೆ.

ಸಿಗಲಿಲ್ಲ. ಮೂವತ್ನಾಲ್ಕು ದಿನ ಹುಡುಕಿದೆ. ಅವಳ ಸುತ್ತಿನ ನೂರು ಇನ್ನೂರು ಕಲ್ಲುಗಳ ಹೆಸರು ನನಗೆ ಬಾಯಿಪಾಠ. ಹ್ಯಾರಿಸ್ ಎಲೆ ಗುಡ್ಡೆ ಮಾಡಿ ಒಯ್ಯುವ ಮುಂಚೆ ನನ್ನನ್ನು ಕರೆದು ಕೆದಕಲು ಬಿಡುತ್ತಿದ್ದ. ಓಕಿನ ಪೊಟರೆಗೆ ಏಣಿ ಹಾಕಿ ಕೈಬಿಟ್ಟು ನೋಡಿದ, ಒಣ ಎಲೆ, ಕಾಯಿ, ಒಂದು ಪ್ಲಾಸ್ಟಿಕ್ ಹೂವು. ನಾನು ಇಣಚಿಗಳ ಹಿಂದೆ ನಡೆದೆ. ಅವು ಈಗ ಹೂಳುವುದು ನಿಲ್ಲಿಸಿ ತೆಗೆಯಲು ಹತ್ತಿವೆ. ಒಂದೊಂದು ನಾಲ್ಕೈದು ಕಡೆ ತೋಡಿ, ಸಿಗದೆ, ಕೈ ಎದೆಗಿಟ್ಟುಕೊಂಡು ಸುಮ್ಮನೆ ಕೂರುತ್ತವೆ. ತೋಡಿದ ಒಂದೊಂದು ಗುಣಿಗೂ ನಾನು ಬಗ್ಗಿ ನೋಡಿದೆ. ಬಂದವರು ನನ್ನನ್ನು ನೋಡಿ ದೂರದಿಂದ ಸುತ್ತಿಕೊಂಡು ಹೋಗುತ್ತಿದ್ದರು.

ಮೊನ್ನೆ ಭಾನುವಾರದ ಹೊತ್ತಿಗೆ ಮನೆಯೆಲ್ಲ ಪೆಟ್ಟಿಗೆ ಕಟ್ಟಿ ಆಯಿತು. ಶುಕ್ರವಾರ ಹೊರಡುವುದು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮಾಡಿ, ನನ್ನ ಲಿಂಗ ಕರಡಿಗೆಯೊಳಗಿಟ್ಟು, ಕೊರಳಿಗೆ ಹಾಕಿಕೊಳ್ಳುವ ಬದಲು ಜೇಬಿಗೆ ಹಾಕಿಕೊಂಡೆ.

ನೆಲದ ಮೇಲಿನ ಎರಡು ಬೆರಳು ಮಣ್ಣು ಹೆಪ್ಪುಗಟ್ಟಿ ಇಟ್ಟಿಗೆಯಾಗಿತ್ತು. ಸಟ್ಟುಗ ಕುಣಿಯಿತು, ಇಳಿಯಲಿಲ್ಲ. ಕೈಯಲ್ಲಿ ಕೆರೆದೆ. ಅಷ್ಟರಲ್ಲಿ ಹಿಂದೆ ಕಾರು ನಿಂತಿತು. ಶೀಲಾ. ಅಡಿಗೆಮನೆಯಲ್ಲಿ ಸಟ್ಟುಗ ಕಾಣದೆ ಬಂದೆ ಅಂದಳು. ಬೈಯುತ್ತಾಳೆ ಅಂದುಕೊಂಡೆ. ಕಾರಿನಿಂದ ಫ್ಲಾಸ್ಕು ತಂದು ಅದರಲ್ಲಿದ್ದ ಬಿಸಿ ಕಾಫಿಯನ್ನು ನೆಲಕ್ಕೆ ಸುರಿದಳು. ಕಾರಿನ ಗಾಜಿನ ಮಂಜು ಕೆರೆಯುವ ಪಟ್ಟಿ ಇರುತ್ತದಲ್ಲ, ಅದನ್ನು ತಂದು ಮಂಡಿಯೂರಿ ಅಗೆಯಲು ಶುರು ಮಾಡಿದಳು, ಆಫೀಸಿನ ಒಳ್ಳೇ ಕೋಟು, ಅದನ್ನೂ ನೋಡಲಿಲ್ಲ. ಒಳಗೆ ಮಣ್ಣು ಮೆತ್ತಗಿತ್ತು. ಅವಳ ಮೊಣಕೈ ಮುಳುಗುವಷ್ಟು ಆಳ ಹೋಯಿತು. ಅಷ್ಟು ದೂರದಲ್ಲಿ ಹ್ಯಾರಿಸ್ ಇದ್ದ, ಭಾನುವಾರ ಯಾಕೆ ಬಂದಿದ್ದನೋ. ನಮ್ಮ ಕಡೆ ಬೆನ್ನು ಹಾಕಿ ಎಲೆ ಊದುವ ಮಿಷನ್ನು ಜೋರಾಗಿ ಹಾಕಿದ.

ಜೇಬಿನಿಂದ ಕರಡಿಗೆ ತೆಗೆದೆ. ಅವಳಿಗೆ ಗುರುತು ಸಿಕ್ಕಿತು.

“ಅಪ್ಪಾ, ಇದು ನಿಂದು. ನಿಂಗೆ?”

“ನಾನಿನ್ನೂ ಮಣ್ಣಿನ ಮೇಲಿದ್ದೀನಿ ಕಣವ್ವಾ, ಯಾರನ್ನಾದರೂ ಕೇಳಿ ಈಸ್ಕೋಬಹುದು. ಅವಳು ಯಾರನ್ನ ಕೇಳ್ತಾಳೆ?”

ಶೀಲಾ ನನ್ನ ಕೈಯಿಂದ ಈಸಿಕೊಂಡು, ತೋಳುದ್ದ ಒಳಗೆ ಇಟ್ಟು, ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದಳು. ಕೊಬ್ಬರಿ ಇಲ್ಲ, ಬೆಲ್ಲ ಇಲ್ಲ, ವಿಭೂತಿ ಮಾತ್ರ. ಮಣ್ಣು ಹಾಕಿ ಇಬ್ಬರೂ ತುಳಿದು ಗಟ್ಟಿ ಮಾಡಿದೆವು. ನಿನ್ನೆಯೂ ಈವತ್ತೂ ಹೋಗಿ ನೋಡಿದೆ. ಇಣಚಿ ಬಂದು ಮೂಸಿ ಹೋಗಿದೆ, ಉಗುರಿನ ಗೆರೆ ಇದೆ. ತೋಡಿಲ್ಲ.

ಅಲ್ಲಿಗೆ ನಿನ್ನ ಅಕ್ಕನದು ಮುಗಿಯಿತು. ಈಗ ನನ್ನದು. ಲಿಂಗವಿಲ್ಲದ ಮೈಗೆ ಅನ್ನ ಹಾಕಬಾರದು ಅಂತ ನಮ್ಮವ್ವ ಕಲಿಸಿದ್ದು, ಐವತ್ತೆಂಟು ವರ್ಷ ಒಂದು ದಿನವೂ ಪೂಜೆ ಮಾಡದೆ ಉಂಡವನಲ್ಲ ನಾನು. ಭಾನುವಾರದಿಂದ ಬರೀ ನೀರು ಕುಡಿದಿದ್ದೇನೆ. ಹಟ ಅಲ್ಲ ವೀರಣ್ಣ, ಶೀಲಾ ಹಟ ಅನ್ನುತ್ತಾಳೆ. ತಟ್ಟೆಯ ಮುಂದೆ ಕೂರುತ್ತೇನೆ, ಎಡಗೈ ನೋಡುತ್ತೇನೆ, ಖಾಲಿ ಕಾಣುತ್ತದೆ, ತುತ್ತು ಏಳುವುದಿಲ್ಲ. ಡಾಕ್ಟರ್ ರಾಮಲಿಂಗಪ್ಪ ಬಂದು ನಾಡಿ ನೋಡಿ, ಲಿಂಗ ಅಟ್ಲಾಂಟಾದಿಂದ ಯಾರೋ ತರುತ್ತಾರೆ ತಡೆಯಿರಿ, ಅಲ್ಲಿವರೆಗೆ ಹಾಲಾದರೂ ಕುಡಿಯಿರಿ ಅಂದರು. ಯಾರೋ ತಂದದ್ದನ್ನು ಯಾರೋ ಕಟ್ಟಿದರೆ ಆಗುತ್ತದಾ? ನಮ್ಮ ಮಠದ ಅಯ್ಯನವರು ಕೊಡಬೇಕು. ಕೇಳಿ ಈಸಿಕೊಳ್ಳುತ್ತೇನೆ ಅಂತ ಮಗಳಿಗೆ ದೊಡ್ಡದಾಗಿ ಹೇಳಿದೆ. ಕೇಳಲು ನನಗೆ ನೀನೊಬ್ಬನೇ ಇರುವುದು, ನೀನೋ ಫೋನ್ ಬೇಡ ಅಂದವನು. ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನಗೆ ಸಿಗುವುದಕ್ಕೆ ಹನ್ನೆರಡು ದಿನ ಬೇಕು ಅಂತ ಗೊತ್ತಿದೆ.

ಅಕ್ಷರ ಸೊಟ್ಟಗಾಗುತ್ತಿದೆ. ಸಾಕು.

ನಿನ್ನ ಭಾವ,
ಬಸವಂತಪ್ಪ


ತಿಪಟೂರು
20 ಡಿಸೆಂಬರ್ 1996

ಭಾವ,

ನೀವು ಬರೆದ ಕಾಗದ ಇನ್ನೂ ದಾರಿಯಲ್ಲಿದೆ. ಶೀಲಾ ಅದನ್ನು ಡಬ್ಬಿಗೆ ಹಾಕುವ ಮುಂಚೆ ಓದಿದಳಂತೆ. ನಿಮಗೆ ಸಿಟ್ಟು ಬಂದರೆ ಬರಲಿ. ಬುಧವಾರ ಅಂಗಡಿಗೆ ಫೋನ್ ಮಾಡಿ, “ಮಾಮಾ, ಕಾಗದ ಬರೋವರೆಗೆ ಅಪ್ಪ ಇರಲ್ಲ” ಅಂದಳು. ಉಳಿದದ್ದು ಆಮೇಲೆ ಹೇಳಿದಳು.

ನಿನ್ನೆ ಅಯ್ಯನವರನ್ನು ಲೂನಾದ ಹಿಂದೆ ಕೂರಿಸಿಕೊಂಡು ಎಸ್‌ಟಿಡಿ ಬೂತಿಗೆ ಕರೆತಂದೆ. ಜನ ನಿಂತು ನೋಡಿದರು. ಜೀವಮಾನದಲ್ಲಿ ಫೋನ್ ಹಿಡಿದವರಲ್ಲ, ತಲೆಕೆಳಗು ಹಿಡಿದರು, ನಾನು ತಿರುಗಿಸಿದೆ. ನೀವು ಏನು ಹೇಳಿದಿರೋ ಅವರಿಗೆ ಒಂದೂ ಕೇಳಿಸಿಲ್ಲ, ಇದು ನಿಮಗೆ ಗೊತ್ತಿರಲಿ. ಅವರು ತಾವು ಹೇಳಬೇಕಾದ್ದನ್ನು ಬೀದಿಗೆಲ್ಲ ಕೇಳುವಂತೆ ಕೂಗಿದರು. ಉಗುರಲ್ಲಿ ಅವಳ ಮಣ್ಣು ಇದೆಯಾ, ಇದ್ದರೆ ಅದನ್ನೇ ಎಡ ಅಂಗೈಗೆ ಇಟ್ಟುಕೋ, ನೋಡು, ಪೂಜೆ ಮಾಡು, ಉಣ್ಣು, ನಾನು ಹೇಳಿದ್ದೇನೆ, ತಪ್ಪು ನನಗೆ ಬರಲಿ ಅಂದರು. ಬೂತಿನವನು ಎದ್ದು ನಿಂತಿದ್ದ.

ಆಮೇಲೆ ಫೋನ್ ನನ್ನ ಕೈಗೆ ಬಂತು. ಶೀಲಾ ತಟ್ಟೆ ತಂದಿಟ್ಟ ಸದ್ದು ಕೇಳಿಸಿತು. ಮೊಸರನ್ನ ಅಂತ ಅವಳು ಪಿಸುಗುಟ್ಟಿದ್ದೂ ಕೇಳಿಸಿತು. ಮೀಟರು ಓಡುತ್ತಿತ್ತು, ಓಡಲಿ ಅಂತ ಕಿವಿಗೊಟ್ಟು ನಿಂತೆ.

ಲಿಂಗವನ್ನು ಅಂಚೆಯಲ್ಲಿ ಕಳಿಸುವುದಿಲ್ಲ ಅಂತ ಅಯ್ಯನವರು ಖಂಡಿತವಾಗಿ ಹೇಳಿದ್ದಾರೆ. ನನ್ನ ಕೈಗೆ ಕೊಡುತ್ತಾರಂತೆ, ನಾನೇ ಬಂದು ನಿಮ್ಮ ಕೊರಳಿಗೆ ಕಟ್ಟಬೇಕಂತೆ. ನಮ್ಮ ಪೈಕಿ ಯಾರೂ ಆ ದೇಶ ಮೆಟ್ಟುವುದಿಲ್ಲ ಅಂತ ಮಾರ್ಚಿನಲ್ಲಿ ಎಲ್ಲರ ಮುಂದೆ ಅಂದವನು ನಾನು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ್ದೇನೆ, ಕಳ್ಳನ ಹಾಗೆ ಬಿದ್ದಿದೆ. ಕೋಪ ಹೋಗಿಲ್ಲ ಭಾವ. ಬಂದಾಗ ಕ್ಯಾರೊಲಿನಾದಿಂದ ಐದು ಗಂಟೆಯಾಗಲಿ, ಹತ್ತು ಗಂಟೆಯಾಗಲಿ, ಮೊದಲು ಅಕ್ಕನ ಹತ್ತಿರ ಕರೆದುಕೊಂಡು ಹೋಗಬೇಕು. ಅಲ್ಲಿ ನಿಂತು ನಿಮಗೆ ನಾಲ್ಕು ಮಾತು ಅನ್ನುವುದಿದೆ, ಅವಳ ಎದುರಿಗೇ ಅನ್ನುತ್ತೇನೆ.

ಬುಧವಾರ ಶೀಲಾ ಫೋನ್ ಇಟ್ಟ ಮೇಲೆ ನನಗೂ ಊಟ ಸೇರಿರಲಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದಿದ್ದೆ. ನಿನ್ನೆ ಬೂತಿನಲ್ಲಿ ನೀವು ನುಂಗಿದ್ದು ಕೇಳಿಸಿತು, ಒಂದು ಸಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಮೂರನೆಯದು ಕೇಳಿದ ಮೇಲೆ ಫೋನಿಟ್ಟು ಮನೆಗೆ ಬಂದು ಎಲೆ ಹಾಕು ಅಂದೆ.

ವೀರಣ್ಣ